ಬೆಂಕಿ ಆರಿದ ಮೇಲೆ

ಸುಟ್ಟಗಾಯವೆಂಬುದು ಚರ್ಮಕ್ಕೆ ಒದಗಿದ ಆಪತ್ತು, ಚರ್ಮವು ಬೆಳೆದು ಮುಚ್ಚಿಕೊಂಡಿತೆಂದರೆ ಆಪತ್ತೂ ಕಳೆಯಿತು ಎಂದು ಬಗೆಯುವುದು ಲೋಕರೂಢಿ. ಕಾದ ಬಾಣಲೆಯ ಅಂಚು ತಗುಲಿ ಬೆರಳ ತುದಿಯಲ್ಲೆದ್ದ ಬೊಬ್ಬೆಯ ಮಟ್ಟಿಗೆ ಈ ಎಣಿಕೆ ತಪ್ಪೇನಲ್ಲ. ಆದರೆ ಮೈಯ ಐದನೆಯ ಒಂದು ಪಾಲಿಗೂ ಮಿಗಿಲಾಗಿ ಬೆಂದಿರುವ ಮನುಷ್ಯನನ್ನು ವಾರಗಟ್ಟಲೆ ಹತ್ತಿರದಲ್ಲಿದ್ದು ಉಪಚರಿಸಿದ ವೈದ್ಯರಾಗಲಿ ದಾದಿಯರಾಗಲಿ ಈ ಮಾತನ್ನು ಒಪ್ಪಲಾರರು. ಬೆಂಕಿ ಸೋಂಕದೆ ಉಳಿದ ಅವನ ಶ್ವಾಸಕೋಶ, ಕರುಳು, ಯಕೃತ್ತು, ಅಸ್ಥಿಮಜ್ಜೆ ಇವೆಲ್ಲವೂ ಆ ದಿನದಿಂದ ಬೇರೆಯ ರೀತಿಯಲ್ಲಿ ನಡೆಯತೊಡಗುತ್ತವೆ. ಇವೆಲ್ಲಕ್ಕೂ ಹೆಚ್ಚಾಗಿ, ಹುಟ್ಟಿದಂದಿನಿಂದ ಅವನನ್ನು ಕಾಪಾಡಿಕೊಂಡು ಬಂದ ರೋಗನಿರೋಧಕ ವ್ಯವಸ್ಥೆಯು, ಅದರ ನೆರವು ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ, ಕುಸಿದುಹೋಗುತ್ತದೆ. ಈ ಕುಸಿತವು ಹೇಗೆ ಆಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದೇ ಈ ಅಧ್ಯಾಯದ ವಿಷಯ.

ಹೊರಗಣ ದಾಹವು ಒಳಗನ್ನೂ ಕೆಡಿಸುತ್ತದೆ ಎಂಬ ಅರಿವು ಹೊಸತಲ್ಲ. ಸುಶ್ರುತಸಂಹಿತೆಯು ಅಗ್ನಿದಗ್ಧವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸಿ, ಅತಿದಗ್ಧದ ಲಕ್ಷಣವನ್ನು ಹೇಳುವಾಗ ಮಾಂಸ ಸಿರೆ ಸಂಧಿಗಳ ನಾಶದ ಜತೆಗೆ ಜ್ವರ, ಉರಿ, ಬಾಯಾರಿಕೆ, ಮೂರ್ಛೆಗಳನ್ನೂ ಸೇರಿಸುತ್ತದೆ. ಇವು ಗಾಯದ ಲಕ್ಷಣಗಳಲ್ಲ, ಗಾಯಗೊಂಡವನ ಲಕ್ಷಣಗಳು ಎಂಬುದನ್ನು ಗಮನಿಸಬೇಕು. ಬಹುಕಾಲದ ಮೇಲೆ, 1842ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಥಾಮಸ್ ಕರ್ಲಿಂಗ್ ಎಂಬಾತನು ಸುಟ್ಟಗಾಯದಿಂದ ತೀರಿಕೊಂಡವರ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣುಗಳಿದ್ದುದನ್ನು ಪ್ರಕಟಪಡಿಸಿದಾಗ, ಬೆಂಕಿ ತಾಗಿದ್ದು ಎದೆಗೋ ತೋಳಿಗೋ ಆಗಿರುವಲ್ಲಿ ವ್ರಣವೇಳುವುದು ಕರುಳಿನಲ್ಲಿ ಏತಕ್ಕೆ ಎಂಬ ಪ್ರಶ್ನೆಯು ಆಧುನಿಕ ವೈದ್ಯಶಾಸ್ತ್ರದ ಮುಂದೆ ಬಂದು ನಿಂತಿತು.

ಆ ಕಾಲದಲ್ಲಿ ಆ ಪ್ರಶ್ನೆಯನ್ನು ಬೆಂಬತ್ತುವ ವ್ಯವಧಾನ ಯಾರಿಗೂ ಇರಲಿಲ್ಲ. ಏಕೆಂದರೆ ಮೈ ಬಹಳವಾಗಿ ಬೆಂದವರು ಎರಡು ಮೂರು ದಿನಗಳ ಒಳಗೇ ತೀರಿಕೊಳ್ಳುತ್ತಿದ್ದರು. ಅದು ಸುಟ್ಟ ಚರ್ಮದಿಂದ ಹುಟ್ಟಿದ ಯಾವುದೋ ವಿಷದ ಪ್ರಭಾವವೆಂದು ಹಲವರು ನಂಬಿದ್ದರು. 1921ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ರಿಯಾಲ್ಟೊ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು ಅನೇಕರು ಗಾಯಗೊಂಡಾಗ, ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ ಅಂಡರ್‌ಹಿಲ್ ಆ ಗಾಯಾಳುಗಳ ಬೊಬ್ಬೆಗಳ ನೀರನ್ನು ಪರೀಕ್ಷಿಸಿ, ಅದು ರಕ್ತದ ದ್ರವಭಾಗವನ್ನೇ ಹೋಲುತ್ತದೆಂದೂ, ಆ ದ್ರವವು ಸೋರಿಹೋದುದರಿಂದ ನಾಳಗಳಲ್ಲಿ ಉಳಿದ ರಕ್ತವು ಗಟ್ಟಿಯಾಗಿ ಹರಿವು ಕುಗ್ಗುತ್ತದೆಂದೂ ತೋರಿಸಿದನು. ಸೋರಿದುದನ್ನು ತುಂಬಿಕೊಟ್ಟರೆ ಸಾವನ್ನು ತಡೆಯಬಹುದೆಂಬ ವಿಚಾರ ಅಲ್ಲಿಂದ ಬಲಗೊಂಡಿತು. 1942ನೆಯ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿನೋದಗೃಹವು ಹೊತ್ತಿ ಉರಿದು 492 ಮಂದಿ ಮೃತರಾದಾಗ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಜೀವಸಹಿತ ಬಂದು ಸೇರಿದ 39 ಮಂದಿಗೆ ಕೂಡಲೇ ರಕ್ತದ್ರವವನ್ನು ನೀಡಲಾಯಿತು. ಆಗ ಬಳಕೆಯಲ್ಲಿದ್ದ ಟ್ಯಾನಿಕ್ ಆಮ್ಲದ ಲೇಪವನ್ನು ಬಿಟ್ಟು, ವ್ಯಾಸಲೀನ್ ಸವರಿದ ಮೃದುವಾದ ಬಟ್ಟೆಯನ್ನು ಗಾಯಗಳಿಗೆ ಸುತ್ತಲಾಯಿತು. ಕೆಲವು ದಿನಗಳಲ್ಲಿ ನ್ಯೂ ಜರ್ಸಿಯ ಮರ್ಕ್ ಸಂಸ್ಥೆಯಿಂದ ಪೆನಿಸಿಲಿನ್ ಬೆಳೆಸಿದ 32 ಲೀಟರ್ ದ್ರವವು ಬಾಸ್ಟನ್ನಿಗೆ ಬಂದಿತು; ಪ್ರಮಾಣ ಅಲ್ಪವಾದುದರಿಂದ ಅದು ಮಾಡಿದ ಉಪಕಾರವೂ ಅಲ್ಪವೇ ಆಗಿದ್ದಿರಬೇಕು.

ದ್ರವದ ಲೆಕ್ಕವು 1968ರ ಹೊತ್ತಿಗೆ ಒಂದು ಸೂತ್ರವಾಗಿ ರೂಪುಗೊಂಡಿತು. ರೋಗಿಯ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ, ಸುಟ್ಟ ಮೈಯ ಪ್ರತಿಯೊಂದು ಶತಾಂಶಕ್ಕೆ, ನಾಲ್ಕು ಮಿಲಿಲೀಟರಿನಂತೆ ಲವಣದ್ರವವನ್ನು ಮೊದಲ 24 ಗಂಟೆಗಳಲ್ಲಿ, ಅದರಲ್ಲಿಯೂ ಅರ್ಧವನ್ನು ಮೊದಲ ಎಂಟು ಗಂಟೆಗಳಲ್ಲಿ, ಕೊಡಬೇಕೆಂಬುದು ಅದರ ಸಾರ. 60 ಕಿಲೋಗ್ರಾಂ ತೂಕದ, ನೂರಕ್ಕೆ ನಲವತ್ತರಷ್ಟು ಬೆಂದ ಒಬ್ಬ ಮನುಷ್ಯನಿಗೆ ಇದರಂತೆ ಒಂದೇ ದಿನದಲ್ಲಿ ಒಂಬತ್ತೂವರೆ ಲೀಟರಿಗೂ ಹೆಚ್ಚು ದ್ರವ ಬೇಕಾಗುತ್ತದೆ. ಮೊದಲ ಮೂರು ದಿನಗಳ ಸಾವು ಹೀಗೆ ಹಿಂದೆ ಸರಿಯಿತು. ಹಿಂದೆ ಸರಿದೊಡನೆ, ಅದುವರೆಗೆ ಅದರ ನೆರಳಿನಲ್ಲಿ ಅಡಗಿದ್ದ ಮತ್ತೊಂದು ಸಾವು ಕಾಣಿಸಿಕೊಂಡಿತು. ಬಾಯಾರಿಕೆಯೂ ಮೂರ್ಛೆಯೂ ಕಳೆದು, ಮಾತನಾಡಿ, ಮನೆಯವರನ್ನು ಗುರುತಿಸಿ, ಗಂಜಿ ಕುಡಿದ ರೋಗಿಯು ಎರಡನೆಯ ವಾರದಲ್ಲಿ ಚಳಿಜ್ವರ ಹಿಡಿದು, ಬುದ್ಧಿ ಕದಡಿ, ನಂಜೇರಿ ಸಾಯುತ್ತಿದ್ದನು. ಮೊದಲ ಆಘಾತವನ್ನು ದಾಟಿದವರಲ್ಲಿ ಸಂಭವಿಸುವ ಮರಣಗಳ ಬಹುಪಾಲು ಇಂದಿಗೂ ಈ ನಂಜಿನಿಂದಲೇ ಆಗತಕ್ಕವು.

ಇದಕ್ಕೆ ಮೊದಲು ತೋರುವ ಕಾರಣವು ಸುಲಭವಾದುದು. ಬೇಲಿ ಹೋಯಿತು, ಕ್ರಿಮಿ ನುಗ್ಗಿತು ಎಂಬುದು. ಅದು ಸುಳ್ಳಲ್ಲ. ವಯಸ್ಕನೊಬ್ಬನ ಚರ್ಮವನ್ನು ಹರಡಿದರೆ ಹೆಚ್ಚುಕಡಮೆ ಎರಡು ಚದರ ಮೀಟರಿನಷ್ಟಾಗುತ್ತದೆ. ಅದರ ಮೇಲ್ಪದರವು ಒಣಗಿದ, ಕೊಬ್ಬಿನಿಂದ ಬೆಸೆದುಕೊಂಡ, ತುಸು ಆಮ್ಲಗುಣವುಳ್ಳ ಮೃತಕೋಶಗಳ ಹಾಸು. ಬಹುಪಾಲು ಸೂಕ್ಷ್ಮಜೀವಿಗಳಿಗೆ ಅಲ್ಲಿ ಬೀಡುಬಿಡಲು ಅನುಕೂಲವಿಲ್ಲ. ಹಾಸಿನ ಕೆಳಗಣ ಜೀವಂತ ಕೋಶಗಳು ಕ್ರಿಮಿಘಾತಕವಾದ ಸಣ್ಣ ಪ್ರೋಟೀನುಗಳನ್ನು ತಾವೇ ತಯಾರಿಸುತ್ತವೆ. ಇವುಗಳ ನಡುವೆ ಉದ್ದುದ್ದ ಕವಲುಗಳನ್ನು ಚಾಚಿಕೊಂಡು ಕುಳಿತ ಒಂದು ಜಾತಿಯ ಕೋಶಗಳನ್ನು 1868ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಚಿನ್ನದ ಲವಣದಿಂದ ಬಣ್ಣಗೊಳಿಸಿ ನೋಡಿ, ಅವುಗಳ ಆಕಾರದಿಂದ ಅವು ನರಕೋಶಗಳೇ ಇರಬೇಕೆಂದು ಊಹಿಸಿದನು. ಅವು ನರಕೋಶಗಳಲ್ಲ, ಚರ್ಮವನ್ನು ಹೊಕ್ಕ ಪರಕೀಯ ವಸ್ತುವನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿನ ಬಿಳಿ ರಕ್ತಕಣಗಳಿಗೆ ಅದರ ಗುರುತನ್ನು ತೋರಿಸಿಕೊಡತಕ್ಕ ನಿರೋಧಕ ಕೋಶಗಳು ಎಂಬುದು ಗೊತ್ತಾಗಲು ನೂರು ವರ್ಷಗಳೇ ಬೇಕಾದವು. ಆದಕಾರಣ ಚರ್ಮವು ಉರಿದುಹೋದಾಗ ನಾವು ಕಳೆದುಕೊಳ್ಳುವುದು ಬರಿಯ ಹೊದಿಕೆಯನ್ನಲ್ಲ, ರೋಗನಿರೋಧಕ ವ್ಯವಸ್ಥೆಯ ಒಂದು ದೊಡ್ಡ ಅಂಗವನ್ನೇ.

ಉಷ್ಣವು ಈ ಅಂಗವನ್ನು ಕೆಡಿಸುವ ವೇಗ ಬೆರಗುಗೊಳಿಸುವಂಥದು. 44 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು ಚರ್ಮವನ್ನು ಸುಡಬೇಕಾದರೆ ಸುಮಾರು ಆರು ಗಂಟೆ ಹಿಡಿಯುತ್ತದೆಂದು 1947ರಲ್ಲಿ ಹಾರ್ವರ್ಡಿನ ಮೊರಿಟ್ಜ್ ಮತ್ತು ಹೆನ್ರಿಕೆಸ್ ಕಂಡುಹಿಡಿದರು. 60 ಡಿಗ್ರಿಯ ನೀರಿಗೆ ಐದು ಸೆಕೆಂಡು ಸಾಕು. ಒಲೆಯ ಮೇಲೆ ಕುದಿಯುವ ಸಾರಿನ ಕಾವು ಇದಕ್ಕಿಂತ ಎಷ್ಟೋ ಮೇಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಪಘಾತ ಆಸ್ಪತ್ರೆಯ ಡಗ್ಲಾಸ್ ಜಾಕ್ಸನ್ 1950ರ ದಶಕದಲ್ಲಿ ಸುಟ್ಟಗಾಯವನ್ನು ಮೂರು ವಲಯಗಳನ್ನಾಗಿ ವಿವರಿಸಿದನು. ನಡುವಿನದು ಪ್ರೋಟೀನು ಗರಣೆಗಟ್ಟಿ ಕೂಡಲೇ ಸತ್ತ ವಲಯ. ಅದರ ಸುತ್ತಿನದು ರಕ್ತದ ಹರಿವು ಮಂದವಾಗಿ, ಬದುಕಬಹುದೋ ಸಾಯಬಹುದೋ ಎಂಬ ಸಂದಿಗ್ಧದಲ್ಲಿರುವ ವಲಯ. ಹೊರಗಿನದು ಕೆಂಪಡರಿ ತಾನಾಗಿಯೇ ಗುಣವಾಗುವ ವಲಯ. ಆ ಸಂದಿಗ್ಧ ವಲಯದ ಹಣೆಬರಹವು ಒಂದೆರಡು ದಿನಗಳಲ್ಲಿ ನಿರ್ಧಾರವಾಗುತ್ತದೆ.

ಪೂರ್ತಿ ಆಳಕ್ಕೆ ಬೆಂದ ಚರ್ಮವನ್ನು ಹತ್ತಿರದಿಂದ ನೋಡಿದವರು ಅದನ್ನು ಮರೆಯುವುದಿಲ್ಲ. ಅದು ಬೊಬ್ಬೆಯೇಳುವುದಿಲ್ಲ, ಬಿಳುಪಾಗಿಯೋ ಕಂದಾಗಿಯೋ ಬಿರುಸುಗೊಂಡಿರುತ್ತದೆ, ಒಳಗೆ ಹೆಪ್ಪುಗಟ್ಟಿದ ಸಿರೆಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ, ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬದಲಾಗುವುದಿಲ್ಲ, ಸೂಜಿಯಿಂದ ಚುಚ್ಚಿದರೆ, ನೋವಿನ ನರಗಳೂ ಸತ್ತಿರುವುದರಿಂದ, ರೋಗಿಗೆ ತಿಳಿಯುವುದಿಲ್ಲ. ನೋವಿಲ್ಲವೆಂದು ರೋಗಿಯು ಸಮಾಧಾನಪಟ್ಟುಕೊಳ್ಳುವ ಈ ಜಾಗವೇ ಅತ್ಯಂತ ಅಪಾಯದ ಜಾಗ. ಈ ಮೃತವಾದ ಹಕ್ಕಳೆಯು ಪ್ರೋಟೀನು, ತೇವ, ಬಿಸುಪು ಮೂರೂ ಕೂಡಿದ ಎಡೆಯಾದುದರಿಂದ ಕ್ರಿಮಿಗಳು ಅಲ್ಲಿ ಯಥೇಚ್ಛವಾಗಿ ವೃದ್ಧಿಯಾಗುತ್ತವೆ. ಅದರಲ್ಲಿ ರಕ್ತ ಹರಿಯುವ ನಾಳಗಳಿಲ್ಲವಾದುದರಿಂದ ಬಿಳಿ ರಕ್ತಕಣಗಳಾಗಲಿ, ಪ್ರತಿಕಾಯಗಳಾಗಲಿ, ನಾವು ಸೂಜಿಯ ಮೂಲಕ ಕೊಟ್ಟ ಔಷಧಿಯಾಗಲಿ ಅಲ್ಲಿಗೆ ತಲುಪಲಾರವು.

ಆದರೆ ಬೇಲಿ ಮುರಿದ ಮಾತ್ರಕ್ಕೆ ಎಲ್ಲವೂ ವಿವರಿಸಿದಂತಾಗಲಿಲ್ಲ. ಎಷ್ಟೋ ಮಂದಿ ಸುಟ್ಟ ರೋಗಿಗಳು ಗಾಯದಿಂದ ಬಹುದೂರವಿರುವ ಶ್ವಾಸಕೋಶದ ಸೋಂಕಿಗೆ ತುತ್ತಾಗುತ್ತಾರೆ. ಆರೋಗ್ಯವಂತನ ಮೈಯಲ್ಲಿ ನೆಲೆಯೂರಲಾರದ ದುರ್ಬಲ ಬೂಷ್ಟುಗಳೂ ಅವರ ರಕ್ತದಲ್ಲಿ ಬೆಳೆಯುತ್ತವೆ. ಕ್ಷಯದ ಪ್ರೋಟೀನನ್ನು ಚರ್ಮದೊಳಗೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಮೊದಲು ಗಡ್ಡೆಯೇಳುತ್ತಿದ್ದವರಿಗೂ, ತೀವ್ರವಾಗಿ ಸುಟ್ಟುಕೊಂಡ ಮೇಲೆ, ಬೇಯದ ಚರ್ಮದಲ್ಲಿ ಚುಚ್ಚಿದಾಗಲೂ ಗಡ್ಡೆಯೇಳದೆ ಹೋಗಬಹುದು. ಎಂದರೆ, ದೇಹವು ತನ್ನ ಹಳೆಯ ವೈರಿಯನ್ನು ಎದುರಿಗಿಟ್ಟರೂ ಗುರುತಿಸದಷ್ಟು ಮಂಕಾಗಿದೆ.

ಈ ಮಂಕುತನ ಮೊದಲು ಕಣ್ಣಿಗೆ ಬಿದ್ದುದು ಚರ್ಮಕಸಿಯಲ್ಲಿ, ಅದಕ್ಕೊಂದು ಪೂರ್ವಕಥೆಯುಂಟು. 1940ರ ಬೇಸಗೆಯಲ್ಲಿ ಒಂದು ದಿನ ಆಕ್ಸ್‌ಫರ್ಡ್ ನಗರದ ಯುವ ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್ ಮನೆಯವರೊಡನೆ ತನ್ನ ತೋಟದಲ್ಲಿದ್ದಾಗ, ಬಾಂಬರ್ ವಿಮಾನವೊಂದು ತೀರ ತಗ್ಗಿನಲ್ಲಿ ಹಾರಿಬಂದು ಸಮೀಪದಲ್ಲಿಯೇ ಅಪ್ಪಳಿಸಿ ಹೊತ್ತಿ ಉರಿಯಿತು. ಅದರಲ್ಲಿದ್ದ ವೈಮಾನಿಕನೊಬ್ಬನು ಘೋರವಾಗಿ ಸುಟ್ಟಗಾಯಗಳೊಡನೆ ಬದುಕುಳಿದನು. ಅವನಿಗಾಗಿ ಏನಾದರೂ ಮಾಡಲು ಸಾಧ್ಯವೇ ಎಂದು ವೈದ್ಯರು ಕೇಳಿದ ಪ್ರಶ್ನೆಯು ಮೆಡಾವರನ ಜೀವನದ ದಿಕ್ಕನ್ನೇ ತಿರುಗಿಸಿತು. ಯುದ್ಧಕಾಲದ ಗಾಯಗಳ ಅಧ್ಯಯನಕ್ಕಾಗಿ ಅವನು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ ಹೋಗಿ, ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯನೊಡನೆ ಸೇರಿದನು.

ಅಲ್ಲಿ ಗ್ಯಾಸಿನ ಅಗ್ಗಿಷ್ಟಿಕೆಯ ಮೇಲೆ ಬಿದ್ದು ಮೈಯ ಬಲಭಾಗವನ್ನು ಸುಟ್ಟುಕೊಂಡ 22 ವರ್ಷದ ಹೆಂಗಸೊಬ್ಬಳಿದ್ದಳು. ಅವಳ ಗಾಯದ ಮೇಲೆ ಅವಳ ತೊಡೆಯಿಂದಲೇ ಚಿವುಟಿ ತೆಗೆದ ಚರ್ಮದ ಸಣ್ಣ ತುಣುಕುಗಳನ್ನೂ, ಅವಳ ಸೋದರನಿಂದ ತೆಗೆದ ಅಂಥವೇ ತುಣುಕುಗಳನ್ನೂ ಬೇರೆಬೇರೆಯಾಗಿ ನೆಟ್ಟು, ಕೆಲವು ದಿನಗಳಿಗೊಮ್ಮೆ ಒಂದೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಮೊದಮೊದಲು ಎರಡೂ ಸಮನಾಗಿ ಬೇರೂರಿದವು. ಆಮೇಲೆ ಅವಳ ಸ್ವಂತ ಚರ್ಮವು ಹರಡಿ ಬೆಳೆಯಿತು. ಸೋದರನ ಚರ್ಮದೊಳಗೆ ಬಿಳಿ ರಕ್ತಕಣಗಳು ನುಗ್ಗಿ, ಅದು ಊದಿಕೊಂಡು ಸತ್ತುಹೋಯಿತು. ಹದಿನೈದು ದಿನಗಳ ಅನಂತರ ಸೋದರನ ಚರ್ಮವನ್ನೇ ಎರಡನೆಯ ಸಲ ನೆಟ್ಟಾಗ ಅದು ಮೊದಲಿನದಕ್ಕಿಂತ ಬಹುಬೇಗ ನಾಶವಾಯಿತು. ದೇಹವು ಪರರ ಚರ್ಮವನ್ನು ಗುರುತಿಸಿ, ಆ ಗುರುತನ್ನು ನೆನಪಿಟ್ಟುಕೊಂಡು, ಎರಡನೆಯ ಬಾರಿ ಹೆಚ್ಚಿನ ಬಿರುಸಿನಿಂದ ಅದನ್ನು ತಿರಸ್ಕರಿಸುತ್ತದೆ, ಆದ್ದರಿಂದ ಇದು ರೋಗನಿರೋಧದ ಕಾರ್ಯವೇ ಸರಿ ಎಂದು ಇಬ್ಬರೂ 1943ರಲ್ಲಿ ಪ್ರಕಟಿಸಿದರು. ಈ ಹಾದಿಯಲ್ಲಿ ಮುಂದುವರಿದ ಮೆಡಾವರ್ 1960ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ಟನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಅಂಗಾಂಗ ಕಸಿಯ ಶಾಸ್ತ್ರವೆಲ್ಲವೂ ಸುಟ್ಟಗಾಯದ ವಾರ್ಡಿಗೆ ಋಣಿ ಎಂದರೆ ಅತಿಶಯೋಕ್ತಿಯಾಗದು.

ಆ ಹೆಂಗಸಿನ ದೇಹಕ್ಕೆ ಪರಕೀಯವನ್ನು ತಿರಸ್ಕರಿಸುವ ತ್ರಾಣ ಉಳಿದಿತ್ತು. ಆದರೆ ಮೈಯ ಅರ್ಧಭಾಗ ಅಥವಾ ಅದಕ್ಕೂ ಹೆಚ್ಚು ಬೆಂದವರ ಮೇಲೆ ಪರರ ಚರ್ಮವನ್ನು ಹೊದಿಸಿದ ಶಸ್ತ್ರವೈದ್ಯರು ಬೇರೊಂದು ಸಂಗತಿಯನ್ನು ಕಂಡರು. ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನಗಳಲ್ಲಿ ಕಳಚಬೇಕಾದ ಆ ಚರ್ಮವು ಇವರ ಮೈಮೇಲೆ ಮೂರು ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಎಳೆಗೆಂಪಾಗಿ ಅಂಟಿಕೊಂಡೇ ಉಳಿಯಿತು. ಗಾಯವು ಹಿರಿದಾದಷ್ಟೂ ತಿರಸ್ಕಾರವು ತಡವಾಯಿತು. ಮೆಡಾವರ್ ಗುರುತಿಸಿದ ಶಕ್ತಿಯನ್ನು ಅವನನ್ನು ಈ ಶಾಸ್ತ್ರಕ್ಕೆ ಕರೆತಂದ ಬೆಂಕಿಯೇ ಕುಂದಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಾಗಿಲ್ಲ.

ಕುಂದಿಸುವ ಬಗೆಯನ್ನು ಇನ್ನು ನೋಡೋಣ. ಕೋಶವು ಒಡೆದು ಸತ್ತಾಗ ಅದರ ಒಡಲೊಳಗೆ ಅಡಗಿರಬೇಕಾದ ವಸ್ತುಗಳು ಹೊರಚೆಲ್ಲುತ್ತವೆ. ನಮ್ಮ ಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ಅನಾದಿಯಲ್ಲಿ ಬ್ಯಾಕ್ಟೀರಿಯಗಳೇ ಆಗಿದ್ದವೆಂಬುದು ಈಗ ಸರ್ವಸಮ್ಮತವಾದ ವಿಚಾರ. ಆದಕಾರಣ ಅವುಗಳ ಡಿಎನ್‌ಎ ರಕ್ತಕ್ಕೆ ಸೇರಿದರೆ ನಿರೋಧಕ ಕೋಶಗಳು ಅದನ್ನು ಕ್ರಿಮಿಯದೆಂದೇ ತಿಳಿಯುತ್ತವೆ. ದೇಹವು ಪರಕೀಯಕ್ಕೆ ಮಾತ್ರವಲ್ಲದೆ ತನ್ನದೇ ಹಾನಿಯ ಕುರುಹುಗಳಿಗೂ ಎಚ್ಚರಗೊಳ್ಳುತ್ತದೆಂಬ ವಾದವನ್ನು 1994ರಲ್ಲಿ ಪಾಲಿ ಮಟ್ಜಿಂಗರ್ ಎಂಬ ವಿಜ್ಞಾನಿ ಮುಂದಿಟ್ಟಳು. ಸುಟ್ಟಗಾಯವು ಆ ವಾದಕ್ಕೆ ಒಂದು ದೊಡ್ಡ ನಿದರ್ಶನ. ಇನ್ನೂ ಒಂದೂ ಕ್ರಿಮಿ ಒಳಹೊಗದಿರುವಾಗಲೇ ಮಹಾಭಕ್ಷಕಗಳೆಂಬ ನಿರೋಧಕ ಕೋಶಗಳು ಉರಿಯೂತದ ಸಂದೇಶಗಳನ್ನು ಧಾರಾಳವಾಗಿ ಸುರಿಸುತ್ತವೆ. ಗಾಯವು ಮೈಯ ಶೇಕಡ ಇಪ್ಪತ್ತು ಮೂವತ್ತನ್ನು ಮೀರಿದರೆ ಈ ಸಂದೇಶಗಳು ಗಾಯದ ಎಲ್ಲೆಯೊಳಗೆ ನಿಲ್ಲದೆ ರಕ್ತದಲ್ಲಿ ಎಲ್ಲೆಡೆಗೂ ಹರಿದು, ಸುಡದಿರುವ ಅಂಗಗಳ ಲೋಮನಾಳಗಳನ್ನು ಕೂಡ ಸೋರುವಂತೆ ಮಾಡುತ್ತವೆ. ಸೋರಿದ ದ್ರವದಲ್ಲಿ ವರ್ಷಾನುಗಟ್ಟಲೆ ಸಂಗ್ರಹವಾದ ಪ್ರತಿಕಾಯಗಳೂ ಹೋಗುವುದರಿಂದ, ಮೊದಲ ವಾರದಲ್ಲಿ ರಕ್ತದ ಪ್ರತಿಕಾಯಗಳ ಮಟ್ಟವು ಇಳಿದುಬಿಡುತ್ತದೆ.

ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಊರಿಗೆ ಊರೇ ಕೊಡ ಹಿಡಿದು ಓಡುತ್ತದೆ. ಹಿಂದೆ ತೆರೆದ ಬಾಗಿಲುಗಳ ಮನೆಗಳಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಬೆಂಕಿ ಆರಿದ ಮೇಲೆ ಮರಳಿ ಬಂದವರಲ್ಲಿ ಕೈಯೆತ್ತುವ ಶಕ್ತಿಯೂ ಉಳಿದಿರುವುದಿಲ್ಲ. ಇದೇ ಸ್ಥಿತಿ ಬಿಳಿ ರಕ್ತಕಣಗಳದು. ಕ್ರಿಮಿಯನ್ನು ಮೊದಲು ನುಂಗುವ ನ್ಯೂಟ್ರೊಫಿಲ್‌ಗಳು ಮೊದಲಲ್ಲಿ ಎಣಿಕೆಗೆ ಮೀರಿ ಮಜ್ಜೆಯಿಂದ ಹೊರಬರುತ್ತವೆ. ಅವುಗಳಲ್ಲಿ ಅನೇಕವು ಇನ್ನೂ ಬಲಿಯದವು. ಸಂದೇಶದ ವಾಸನೆ ಹಿಡಿದು ಸೋಂಕಿನೆಡೆಗೆ ಸರಿಯುವ ಅವುಗಳ ಚಲನೆ ಮಂದವಾಗುತ್ತದೆ. ನುಂಗಿದ ಕ್ರಿಮಿಯನ್ನು ಕೊಲ್ಲುವ ಸಾಮರ್ಥ್ಯವೂ ಕುಗ್ಗುತ್ತದೆ. ದಾರಿತಪ್ಪಿ ಶ್ವಾಸಕೋಶದಲ್ಲಿ ನಿಂತವು ತಮ್ಮ ಕ್ಷಾರಕ ದ್ರವ್ಯಗಳಿಂದ ಅಲ್ಲಿನ ಆರೋಗ್ಯದ ಅಂಗಾಂಶವನ್ನೇ ಹಾಳುಮಾಡುತ್ತವೆ. ಎಂದರೆ, ಒಂದೇ ದೇಹದಲ್ಲಿ ಉರಿಯೂತದ ಅತಿರೇಕವೂ ನಿರೋಧದ ಕೊರತೆಯೂ ಒಟ್ಟೊಟ್ಟಿಗೆ ಇರಬಹುದು.

ಉರಿಯೂತವು ಮಿತಿಮೀರಿದರೆ ಅದರಿಂದಲೇ ಪ್ರಾಣಹಾನಿಯಾಗುವುದರಿಂದ, ಅದಕ್ಕೆ ಕಡಿವಾಣ ಹಾಕುವ ವಿಧಾನಗಳನ್ನೂ ಪ್ರಕೃತಿಯು ದೇಹದಲ್ಲಿಯೇ ಇರಿಸಿದೆ. ಮಹಾಭಕ್ಷಕಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನೂ, ಇಂಟರ್‌ಲ್ಯೂಕಿನ್-10 ಎಂಬ ಶಮನಕಾರಿ ಸಂದೇಶವನ್ನೂ ಹೊರಡಿಸಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಸುಮ್ಮನಾಗಿಸುತ್ತವೆ. ಟಿ ಕೋಶಗಳು ತಮ್ಮ ಸಂಖ್ಯಾವೃದ್ಧಿಗೆ ಬೇಕಾದ ಇಂಟರ್‌ಲ್ಯೂಕಿನ್-2ನ್ನು ಸಾಕಷ್ಟು ತಯಾರಿಸಲಾರದೆ ಹೋಗುತ್ತವೆ. ನಿಯಂತ್ರಕ ಟಿ ಕೋಶಗಳೆಂಬ ಶಮನಪಂಗಡದ ಕೈ ಮೇಲಾಗುತ್ತದೆ. ನುಂಗಿದ ಕ್ರಿಮಿಯ ತುಣುಕನ್ನು ಎತ್ತಿಹಿಡಿದು ಟಿ ಕೋಶಗಳಿಗೆ ತೋರಿಸತಕ್ಕ ಅಣುಗಳು ಬಿಳಿ ರಕ್ತಕಣಗಳ ಮೇಲ್ಮೈಯಿಂದ ಕಡಮೆಯಾಗುತ್ತವೆ. ಅಮೆರಿಕದ ರೋಜರ್ ಬೋನ್ ಎಂಬ ವೈದ್ಯನು 1990ರ ದಶಕದಲ್ಲಿ ಇದನ್ನು ಉರಿಯೂತಕ್ಕೆ ಪ್ರತಿಯಾಗಿ ಹೂಡಿದ ಸಮತೋಲನದ ಯತ್ನವೆಂದು ನಿರೂಪಿಸಿದನು. ಸಣ್ಣ ಗಾಯದಲ್ಲಿ ಈ ಯತ್ನವು ತಕ್ಕಡಿಯನ್ನು ಸರಿದೂಗಿಸುತ್ತದೆ. ಹಿರಿಯ ಸುಟ್ಟಗಾಯದಲ್ಲಿಯಾದರೋ, ಗಾಯವು ತೆರೆದಿರುವಷ್ಟು ದಿನವೂ ಉರಿಯೂತದ ಕೂಗು ನಿಲ್ಲುವುದಿಲ್ಲವಾದುದರಿಂದ, ಶಮನದ ಯತ್ನವೂ ನಿಲ್ಲದೆ ಹೋಗಿ ದೇಹವು ನಿಶ್ಶಕ್ತವಾಗುತ್ತದೆ.

ಇದರ ಮೇಲೆ ಚಯಾಪಚಯದ ಹೊರೆ. ಸುಟ್ಟ ದೇಹದಲ್ಲಿ ಅಡ್ರಿನಲಿನ್ ವರ್ಗದ ಸ್ರಾವಗಳೂ ಕಾರ್ಟಿಸಾಲೂ ವಾರಗಟ್ಟಲೆ ಏರಿರುತ್ತವೆ. ಕಾರ್ಟಿಸಾಲು ಸ್ವಭಾವತಃ ನಿರೋಧಕ ಕೋಶಗಳನ್ನು ಹತ್ತಿಕ್ಕುವಂಥದು, ಅದರ ಪ್ರಭಾವದಿಂದ ಟಿ ಕೋಶಗಳು ಬಲಿತು ಸಿದ್ಧವಾಗುವ ಥೈಮಸ್ ಗ್ರಂಥಿಯು ಬಾಡುತ್ತದೆ. ವಿಶ್ರಾಂತಿಯಲ್ಲಿ ಮಲಗಿರುವ ರೋಗಿಯ ಶಕ್ತಿವ್ಯಯವು ಸಹಜದ ಒಂದೂವರೆಯಿಂದ ಎರಡು ಪಟ್ಟಿನವರೆಗೆ ಏರಬಹುದು. ಈ ವ್ಯಯಕ್ಕೆ ಉಂಡದ್ದು ಸಾಲದೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಹೊಸ ಪ್ರತಿಕಾಯಗಳಿಗೂ ಹೊಸ ಬಿಳಿ ರಕ್ತಕಣಗಳಿಗೂ ಬೇಕಾದ ಸಾಮಗ್ರಿಯು ಹೀಗೆ ಖರ್ಚಾಗಿಹೋಗುತ್ತದೆ. ಕರುಳಿನ ಒಳಪದರವು ರಕ್ತದ ಅಭಾವದಿಂದ ಸಡಿಲಗೊಂಡು ಅಲ್ಲಿನ ಕ್ರಿಮಿಗಳೂ ಅವುಗಳ ವಿಷವೂ ಒಳಗೆ ನುಸುಳಲು ಎಡೆಯಾಗುತ್ತದೆ. ಕರ್ಲಿಂಗ್ 1842ರಲ್ಲಿ ಕಂಡ ಕರುಳುಹುಣ್ಣಿನ ಮೂಲವೂ ಈ ರಕ್ತಾಭಾವ ಮತ್ತು ಶರೀರದ ಒತ್ತಡದಲ್ಲಿಯೇ ಇದೆ.

ಇಂತಹ ಸ್ಥಿತಿಯಲ್ಲಿ ಕ್ರಿಮಿಗಳ ಆಗಮನಕ್ಕೆ ಒಂದು ಕ್ರಮವುಂಟು. ಬೆಂಕಿಯು ಮೇಲ್ಮೈಯ ಕ್ರಿಮಿಗಳನ್ನೂ ಸುಡುವುದರಿಂದ ಗಾಯವು ಮೊದಲ ಗಂಟೆಗಳಲ್ಲಿ ಹೆಚ್ಚುಕಡಮೆ ಶುದ್ಧವಾಗಿರುತ್ತದೆ. ಆಮೇಲೆ ರೋಮಕೂಪಗಳ ಆಳದಲ್ಲಿ ಬದುಕುಳಿದ ಸ್ಟ್ಯಾಫಿಲೊಕಾಕಸ್ ಮೊದಲಾದವು ತಲೆಯೆತ್ತುತ್ತವೆ. ವಾರ ಕಳೆಯುವ ಹೊತ್ತಿಗೆ ಕರುಳಿನಿಂದಲೂ, ಆಸ್ಪತ್ರೆಯ ತೊಟ್ಟಿ ನಲ್ಲಿಗಳ ತೇವದಿಂದಲೂ, ಉಪಚರಿಸುವವರ ಕೈಗಳಿಂದಲೂ ಬೇರೊಂದು ಪಂಗಡ ಬಂದು ಸೇರುತ್ತದೆ. ಅದರಲ್ಲಿ ಕುಖ್ಯಾತವಾದುದು ಸ್ಯೂಡೊಮೊನಾಸ್. 1882ರಲ್ಲಿ ಫ್ರಾನ್ಸಿನ ಗೆಸಾರ್ ಎಂಬಾತನು ಗಾಯದ ಪಟ್ಟಿಗಳು ನೀಲಿಹಸುರಾಗುವುದೇಕೆಂದು ಹುಡುಕುತ್ತ ಹೋಗಿ ಇದನ್ನು ಬೇರ್ಪಡಿಸಿದನು. ಸುಟ್ಟಗಾಯದ ವಾರ್ಡಿನಲ್ಲಿ ಬೆಳಗ್ಗೆ ಪಟ್ಟಿ ಬಿಚ್ಚುವಾಗ ಬಟ್ಟೆಯ ಅಂಚಿನಲ್ಲಿ ಆ ಹಸುರು ಛಾಯೆ ಕಂಡು, ದ್ರಾಕ್ಷಿಯಂತಹ ಸಿಹಿಯಾದ ಘಾಟು ಮೂಗಿಗೆ ಬಡಿದರೆ, ಪ್ರಯೋಗಶಾಲೆಯ ವರದಿ ಬರುವುದಕ್ಕೆ ಮೊದಲೇ ಅನುಭವಿಯಾದ ದಾದಿಗೆ ವಿಷಯ ತಿಳಿದಿರುತ್ತದೆ. ಅನೇಕ ಔಷಧಿಗಳಿಗೆ ಜಗ್ಗದ ಈ ಕ್ರಿಮಿಯನ್ನು ಕೊಂದರೂ, ಪ್ರಬಲವಾದ ಔಷಧಿಗಳಿಂದ ತೆರವಾದ ಎಡೆಗೆ ಕ್ಯಾಂಡಿಡ, ಆಸ್ಪರ್‌ಜಿಲಸ್ ಮೊದಲಾದ ಶಿಲೀಂಧ್ರಗಳು ಬರುತ್ತವೆ.

ಹಾಗಾದರೆ ಪರಿಹಾರವೇನು? ಔಷಧಿಯೊಂದರಿಂದಲೇ ಇದನ್ನು ಗೆಲ್ಲಬಹುದೆಂಬ ಆಸೆಯು ಬಹುಕಾಲ ಇದ್ದಿತು. 1960ರ ದಶಕದಲ್ಲಿ ಮೇಲೆ ಹಚ್ಚುವ ಮಫೆನೈಡ್, ಬೆಳ್ಳಿಯ ನೈಟ್ರೇಟ್, ಕೊಲಂಬಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಫಾಕ್ಸ್ ಸಿದ್ಧಪಡಿಸಿದ ಸಿಲ್ವರ್ ಸಲ್ಫಡಯಜಿನ್ ಇವು ಬಳಕೆಗೆ ಬಂದು ಗಾಯದ ನಂಜನ್ನು ಬಹಳಮಟ್ಟಿಗೆ ತಗ್ಗಿಸಿದವು. ಆದರೆ ಮೂಲವನ್ನು ಹಿಡಿದವಳು ಯುಗೊಸ್ಲಾವಿಯದ ಮಾರಿಬೋರ್ ಎಂಬ ಊರಿನ ಶಸ್ತ್ರವೈದ್ಯೆ ಜೋರಾ ಯಾಂಜೆಕೋವಿಚ್. ಸತ್ತ ಹಕ್ಕಳೆಯು ತಾನಾಗಿ ಕಳಚಿ ಬೀಳುವವರೆಗೆ ವಾರಗಟ್ಟಲೆ ಕಾಯುವುದು ಅಂದಿನ ಪದ್ಧತಿ. ಇವಳು ಮೊದಲ ಕೆಲವು ದಿನಗಳಲ್ಲಿಯೇ ಸತ್ತ ಚರ್ಮವನ್ನು ತೆಳುವಾದ ಪದರಪದರವಾಗಿ, ಜೀವಂತ ಅಂಗಾಂಶದಿಂದ ರಕ್ತವು ಚಿಮ್ಮುವ ಮಟ್ಟದವರೆಗೆ ಹೆರೆದು ತೆಗೆದು, ಕೂಡಲೇ ರೋಗಿಯ ಸ್ವಂತ ಚರ್ಮವನ್ನು ಕಸಿಮಾಡಿ ಗಾಯವನ್ನು ಮುಚ್ಚತೊಡಗಿದಳು. 1970ರಲ್ಲಿ ಈ ವಿಧಾನವು ಪ್ರಕಟವಾದ ಮೇಲೆ ಕ್ರಮೇಣ ಎಲ್ಲ ದೇಶಗಳ ವೈದ್ಯರೂ ಇದನ್ನು ಸ್ವೀಕರಿಸಿದರು. ಇದರಿಂದ ಕ್ರಿಮಿಗಳ ಆಹಾರ ಹೋಯಿತು. ಉರಿಯೂತದ ಸಂದೇಶಗಳ ಚಿಲುಮೆಯೂ ಹೋಯಿತು. ನಿರೋಧಕ ಶಕ್ತಿಯನ್ನು ಮರಳಿಸುವ ಅತ್ಯುತ್ತಮ ಔಷಧಿಯು ಮುಚ್ಚಿದ ಗಾಯವೇ ಎಂಬ ತತ್ತ್ವವು ಇಲ್ಲಿ ಸಿದ್ಧವಾಯಿತು. ಉಳಿದ ಉಪಚಾರಗಳೆಲ್ಲವೂ ಇದಕ್ಕೆ ಪೋಷಕವಾದವು: ಮೊದಲ ದಿನದಿಂದಲೇ ಕರುಳಿನ ಮೂಲಕ ಪೌಷ್ಟಿಕವಾದ ಆಹಾರ ಕೊಡುವುದು, ಮೈಯ ಕಾವು ವ್ಯರ್ಥವಾಗದಂತೆ ಕೋಣೆಯನ್ನು ಬೆಚ್ಚಗಿಡುವುದು, ಹೃದ್ರೋಗದ ಹಳೆಯ ಔಷಧಿಯಾದ ಪ್ರೊಪ್ರನೊಲಾಲಿನಿಂದ ಅಡ್ರಿನಲಿನ್ನಿನ ಅಬ್ಬರವನ್ನು ತಗ್ಗಿಸುವುದು. ಈ ಕೊನೆಯದು ಸುಟ್ಟ ಮಕ್ಕಳ ಸ್ನಾಯುನಾಶವನ್ನು ತಡೆಯುತ್ತದೆಂದು 2001ರಲ್ಲಿ ಟೆಕ್ಸಾಸಿನ ಡೇವಿಡ್ ಹರ್ನ್‌ಡನ್ ಮತ್ತು ಸಂಗಡಿಗರು ತೋರಿಸಿದರು.

ಗಾಯ ಮುಚ್ಚಿದ ಮೇಲೂ ನಿರೋಧಕ ವ್ಯವಸ್ಥೆಯು ಪೂರ್ವಸ್ಥಿತಿಗೆ ಬರುವುದು ನಿಧಾನ. ಪಶ್ಚಿಮ ಆಸ್ಟ್ರೇಲಿಯದ ಆಸ್ಪತ್ರೆಗಳ ಹಲವು ದಶಕಗಳ ದಾಖಲೆಗಳನ್ನು ಹೋಲಿಸಿ ನೋಡಿದ ವಿದ್ವಾಂಸರು, ಬಾಲ್ಯದಲ್ಲಿ ಸುಟ್ಟುಕೊಂಡು ಗುಣವಾದವರು ಇತರರಿಗಿಂತ ಹೆಚ್ಚಾಗಿ ಮುಂದಣ ವರ್ಷಗಳಲ್ಲಿ ಸೋಂಕುರೋಗಗಳಿಂದ ಆಸ್ಪತ್ರೆ ಸೇರಿರುವುದನ್ನು ಕಂಡಿದ್ದಾರೆ. ಆದಕಾರಣ ಮನೆಗೆ ಮರಳಿದ ರೋಗಿಯ ಜ್ವರವನ್ನೂ ಕೆಮ್ಮನ್ನೂ ಹಗುರವಾಗಿ ತೆಗೆದುಕೊಳ್ಳುವುದು ಉಚಿತವಲ್ಲ.

ನೂರಕ್ಕೆ ಅರವತ್ತು ಎಪ್ಪತ್ತು ಬೆಂದವನ ಮೈಯಲ್ಲಿ ಗಾಯವನ್ನು ಮುಚ್ಚಲು ಬೇಕಾದಷ್ಟು ಸ್ವಂತ ಚರ್ಮವೇ ಉಳಿದಿರುವುದಿಲ್ಲ. ಇಂಥವನಿಗೆ ಮೃತರು ದಾನವಿತ್ತ ಚರ್ಮವೇ ತಾತ್ಕಾಲಿಕ ಹೊದಿಕೆ. ದುರ್ಬಲವಾದ ನಿರೋಧಕ ಶಕ್ತಿಯು ಅದನ್ನು ಬೇಗನೆ ತಿರಸ್ಕರಿಸಲಾರದು. ಆ ಬಿಡುವಿನಲ್ಲಿ ಅವನ ಚರ್ಮವು ಒಂದು ಎಡೆಯಲ್ಲಿ ಬೆಳೆದು ಮತ್ತೊಂದು ಎಡೆಗೆ ಕಸಿಯಾಗಲು ಸಿದ್ಧವಾಗುತ್ತದೆ. ರೋಗದ ದೌರ್ಬಲ್ಯವೇ ಚಿಕಿತ್ಸೆಗೆ ಅವಕಾಶವಾಗುವ ಇಂತಹ ಸಂದರ್ಭಗಳು ವೈದ್ಯಶಾಸ್ತ್ರದಲ್ಲಿ ವಿರಳ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಂತಹ ಒಂದು ಚರ್ಮನಿಧಿಯುಂಟು. ಮರಣಾನಂತರ ಆರು ಗಂಟೆಗಳೊಳಗೆ ತೊಡೆ ಬೆನ್ನುಗಳಿಂದ ತೆಳುವಾದ ಮೇಲ್ಪದರವನ್ನಷ್ಟೇ ತೆಗೆದುಕೊಳ್ಳುತ್ತಾರೆ. ದೇಹವು ವಿಕಾರಗೊಳ್ಳುವುದಿಲ್ಲ, ರಕ್ತದ ಗುಂಪು ಹೊಂದಬೇಕೆಂಬ ನಿಯಮವೂ ಇಲ್ಲ. ಗ್ಲಿಸರಾಲಿನಲ್ಲಿಟ್ಟು ತಣ್ಣಗೆ ಕಾಪಾಡಿದರೆ ಆ ಚರ್ಮವು ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಕಣ್ಣನ್ನು ದಾನಮಾಡಲು ಮುಂದಾಗುವ ನಮ್ಮ ಜನರು ಚರ್ಮದ ವಿಷಯದಲ್ಲಿ ಇನ್ನೂ ಹಿಂದೆಗೆಯುತ್ತಾರೆ.

ಚಿಕಿತ್ಸೆಗಿಂತ ಮೊದಲಿನ ಮಾತೊಂದು ಉಳಿದಿದೆ. ಮೆಡಾವರನಿದ್ದ ಕಾಲದಲ್ಲಿಯೇ ಗ್ಲಾಸ್ಗೊ ಆಸ್ಪತ್ರೆಯಲ್ಲಿ ಸುಟ್ಟಗಾಯದ ಸೋಂಕನ್ನು ಅಧ್ಯಯನಮಾಡಿ, ಮುಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸಮಾಡಿದ ಲಿಯೊನಾರ್ಡ್ ಕೋಲ್‌ಬ್ರುಕ್, ಗಾಯಗಳನ್ನು ಮುಚ್ಚುವುದಕ್ಕಿಂತ ಅವು ಆಗದಂತೆ ನೋಡುವುದು ಮೇಲೆಂದು ಮನಗಂಡು, ಅಗ್ಗಿಷ್ಟಿಕೆಗಳಿಗೆ ಕಾಪುಜಾಲರಿ ಇರಲೇಬೇಕೆಂದು ಆಂದೋಲನ ಹೂಡಿದನು; ಬ್ರಿಟಿಷ್ ಪಾರ್ಲಿಮೆಂಟು 1952ರಲ್ಲಿ ಅದಕ್ಕಾಗಿ ಶಾಸನವನ್ನೇ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಾಧಾರಣವಾಗಿಯೋ ತೀವ್ರವಾಗಿಯೋ ಸುಟ್ಟುಕೊಳ್ಳುತ್ತಾರೆ. ನಮ್ಮ ಅಡಿಗೆಮನೆಗಳಿಗೆ ಶಾಸನದ ಜಾಲರಿ ಇಲ್ಲ. ಒಲೆಯನ್ನು ನೆಲದಿಂದ ಎತ್ತರದಲ್ಲಿಡುವುದು, ಸೆರಗನ್ನು ಸಿಕ್ಕಿಸಿಕೊಳ್ಳುವುದು, ಕುದಿಯುವ ಪಾತ್ರೆಯನ್ನು ಮಕ್ಕಳ ಕೈಗೆಟುಕದಂತೆ ಇರಿಸುವುದು ನಮ್ಮ ನಮ್ಮ ಕೈಯಲ್ಲಿಯೇ ಇದೆ. ಇಷ್ಟಾಗಿಯೂ ಸುಟ್ಟರೆ, ಶಾಯಿಯನ್ನಾಗಲಿ ಹಲ್ಲುಪೇಸ್ಟನ್ನಾಗಲಿ ದೋಸೆಹಿಟ್ಟನ್ನಾಗಲಿ ಹಚ್ಚದೆ, ಮಂಜುಗಡ್ಡೆಯನ್ನೂ ಇಡದೆ, ಗಾಯದ ಮೇಲೆ ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಟ್ಟು, ಶುದ್ಧವಾದ ಬಟ್ಟೆ ಹೊದಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಜಾಕ್ಸನ್ ತೋರಿಸಿದ ಆ ಸಂದಿಗ್ಧ ವಲಯದಲ್ಲಿ ಎಷ್ಟು ಚರ್ಮ ಉಳಿಯುತ್ತದೆಯೋ, ಎರಡನೆಯ ವಾರದಲ್ಲಿ ರೋಗಿಯ ನಿರೋಧಕ ಶಕ್ತಿಯ ಮೇಲೆ ಬೀಳುವ ಹೊರೆ ಅಷ್ಟು ಕಡಮೆಯಾಗುತ್ತದೆ.